ಅಳಿಸಿಹೋದ ಹೆರಿಗೆಗಳು

ನ್ಯೂಜಿಲೆಂಡಿನ ಹ್ಯಾಮಿಲ್ಟನ್ ಊರಿನ ಒಂದು ಸಮುದಾಯ ಭವನದ ಪಕ್ಕದ ಕೋಣೆಯಲ್ಲಿ ತಿಂಗಳಿಗೊಂದು ಶನಿವಾರ ನಾವು ಹನ್ನೆರಡು ಹದಿಮೂರು ಜನ ಗಂಡಸರು ಸೇರುತ್ತಿದ್ದೆವು. ಏಳು ವರ್ಷ ನಾನು ಒಂದು ಶನಿವಾರವನ್ನೂ ತಪ್ಪಿಸಲಿಲ್ಲ. ಹಾಲಿನ ಪುಡಿ ಮಾಡುವ ಕಾರ್ಖಾನೆಯೊಂದರಲ್ಲಿ ಯಂತ್ರಗಳನ್ನು ನಡೆಸುವ ಸಾಫ್ಟ್‌ವೇರ್ ನೋಡಿಕೊಳ್ಳುವುದು ನನ್ನ ಕೆಲಸ. ವಾರವಿಡೀ ಅದನ್ನೇ ಮಾಡಿ, ರಜೆಯ ದಿನವೂ ಕಂಪ್ಯೂಟರ್ ಮುಂದೆ ಕೂರಲು ಓಡುವವನನ್ನು ಕಂಡರೆ ನನ್ನ ಹೆಂಡತಿಗೆ ನಗು. ನನಗೆ ಮಾತ್ರ ಅದು ವ್ರತದ ಹಾಗಿತ್ತು. ಯಾರ ಸ್ವತ್ತೂ ಅಲ್ಲದ, ಯಾರು ಬೇಕಾದರೂ ಬಿಚ್ಚಿ ನೋಡಿ ತಿದ್ದಬಹುದಾದ ಸಾಫ್ಟ್‌ವೇರ್ ಮೇಲೆ ಲೋಕ ನಡೆಯಬೇಕು ಅಂತ ನಂಬಿದ್ದೆ. ಈಗಲೂ ಹೆಚ್ಚುಕಡಿಮೆ ನಂಬುತ್ತೇನೆ. ಆ ನಂಬಿಕೆ ಇರುವುದರಿಂದಲೇ ಇದನ್ನು ಬರೆಯಲು ಕೂತರೆ ಇಷ್ಟು ಅಸಹ್ಯವಾಗುತ್ತದೆ.

ಆ ಕೋಣೆಯಲ್ಲಿ ನಡೆಯುತ್ತಿದ್ದದ್ದು ಮುಖ್ಯವಾಗಿ ಜಗಳ. ವಿಂಡೋಸನ್ನು ಬೈಯುವಾಗ ಎಲ್ಲರೂ ಒಂದು. ಅದು ಮುಗಿದ ಮೇಲೆ ಒಳಜಗಳ ಶುರು. ವಿಂಡೋಸ್ ಬದಲು ನಾವು ಬಳಸುವ ಲಿನಕ್ಸ್ ಅಂದರೆ ಒಂದಲ್ಲ, ನೂರಾರು ಬಗೆ. ಒಬ್ಬೊಬ್ಬನಿಗೆ ಒಂದೊಂದು ಬಗೆ ಪ್ರಾಣ, ಮಿಕ್ಕವೆಲ್ಲ ಕಸ. ನಮ್ಮಲ್ಲಿ ಇಬ್ಬರ ಗಂಟಲು ದೊಡ್ಡದು. ಒಬ್ಬ ನನ್ನ ಗೆಳೆಯ, ಬೆಂಗಳೂರಿನವನು. ಪಾಪಕುರಾ ಅನ್ನುವ ಊರಿನಿಂದ ಗಂಟೆಗೂ ಮೀರಿ ಕಾರು ಓಡಿಸಿಕೊಂಡು ಬರುತ್ತಿದ್ದ. ಕಂಪನಿಗಳು ಗುಟ್ಟಾಗಿಟ್ಟ ಒಂದೇ ಒಂದು ಸಾಲಿನ ಕೋಡ್ ಕೂಡ ತನ್ನ ಕಂಪ್ಯೂಟರಿನಲ್ಲಿ ಇರಬಾರದು ಅನ್ನುವವನು. ಮಡಿ ಅಂದರೆ ಮಡಿ. ಇನ್ನೊಬ್ಬ ಬಿಳಿಗಡ್ಡದ ನ್ಯೂಜಿಲೆಂಡಿಗ, ಟೆಲಿಫೋನ್ ಇಲಾಖೆಯಲ್ಲಿ ಎಂಜಿನಿಯರಾಗಿದ್ದು ನಿವೃತ್ತನಾದವನು. ಅವನ ಪ್ರಕಾರ ಲಿನಕ್ಸೇ ಹುಡುಗಾಟ, ಅದಕ್ಕಿಂತ ಹಳೆಯದೊಂದು ವ್ಯವಸ್ಥೆಯೇ ನಿಜವಾದದ್ದು. ಇಬ್ಬರೂ ಮೇಜಿನ ಎರಡು ತುದಿಗೆ ಕೂತರೆ ಉಳಿದವರು ಪಕ್ಷ ಹಿಡಿಯುತ್ತಿದ್ದರು. ನಾನೂ ಹಿಡಿಯುತ್ತಿದ್ದೆ. ಒಳ್ಳೆ ಏಟು ಕೊಟ್ಟ ದಿನ ಮನೆಗೆ ಬರುವಾಗ ಕಾರಿನಲ್ಲಿ ಒಬ್ಬನೇ ನಗುತ್ತಿದ್ದದ್ದುಂಟು.

ಒಂದು ಚಳಿಗಾಲ ನಾವು ಹಳೆಯ ಲ್ಯಾಪ್‌ಟಾಪ್‌ಗಳಿಗೆ ಮರುಜೀವ ಕೊಡುವ ದಿನ ಇಟ್ಟುಕೊಂಡೆವು. ಅಪ್‌ಡೇಟ್ ನಿಂತುಹೋದ ಯಂತ್ರಗಳನ್ನು ಎಸೆಯಬೇಡಿ, ತನ್ನಿ, ಲಿನಕ್ಸ್ ಹಾಕಿ ಕೊಡುತ್ತೇವೆ ಅಂತ ಪ್ರಕಟಣೆ. ಅದನ್ನು ಕನ್ನಡದಲ್ಲಿ ಬರೆದು ಊರಿನ ಕನ್ನಡಿಗರ ವಾಟ್ಸಾಪ್ ಗುಂಪಿಗೆ ಹಾಕಿದವನು ನಾನು.

ಅದನ್ನು ನೋಡಿ ಬಂದದ್ದು ಒಬ್ಬರೇ. ಹಾವೇರಿ ಕಡೆಯ ಒಬ್ಬ ಮುಸ್ಲಿಂ ಆಂಟಿ, ಎಪ್ಪತ್ತರ ಹತ್ತಿರದವರು. ಮಗಳು ಇಲ್ಲಿ ಔಷಧಿ ಅಂಗಡಿಯಲ್ಲಿ ಫಾರ್ಮಸಿಸ್ಟ್. ಮಗಳು ಕಾರಿನಿಂದ ಇಳಿಸಿ ಕೆಲಸಕ್ಕೆ ಹೋದಳು. ಆಂಟಿ ದಪ್ಪ ಸ್ವೆಟರಿನ ಮೇಲೆ ದುಪಟ್ಟಾ ಹೊದ್ದು, ಲ್ಯಾಪ್‌ಟಾಪನ್ನು ಟವಲಿನಲ್ಲಿ ಸುತ್ತಿಕೊಂಡು ಎದೆಗವಚಿಕೊಂಡು ಒಳಗೆ ಬಂದರು.

"ಕನ್ನಡದಾಗ ಹಾಕಿದ್ದವರು ಯಾರ್ರಿ?" ಅಂತ ಬಾಗಿಲಲ್ಲೇ ಕೇಳಿದರು. ನಾನು ಎದ್ದು ಹೋದೆ.

ಮೂವತ್ತು ವರ್ಷ ಅವರು ಹಳ್ಳಿಯೊಂದರ ಆರೋಗ್ಯ ಉಪಕೇಂದ್ರದಲ್ಲಿ ನರ್ಸಾಗಿದ್ದರಂತೆ. ಹೆರಿಗೆ ಮಾಡಿಸುವುದೇ ಹೆಚ್ಚಿನ ಕೆಲಸ. ರಿಟೈರಾದ ಮೇಲೆ ಟೈಪಿಂಗ್ ಕಲಿತು, ನೆನಪಿದ್ದ ಒಂದೊಂದು ಹೆರಿಗೆಯನ್ನೂ ಒಂದೊಂದು ಫೈಲು ಮಾಡಿ ಬರೆದಿದ್ದರು.

"ಲಗೂ ಚಾಲೂ ಆಗವಲ್ದು ತಮ್ಮಾ. ಒತ್ತಿ ಚಾ ಕುಡದು ಬಂದ್ರೂ ತಿರಗ್ತಾನ ಇರ್ತೈತಿ. ಮಗಳು ಒಗೀ ಅಂತಾಳ. ಇದರಾಗ ನಾ ಬರದದ್ದು ಐತಿ. ಅದೆಲ್ಲಾ ಹಂಗ ಇರ್ತೈತಲ್ಲ?"

"ಇರತ್ತೆ ಆಂಟಿ. ಏನೂ ಆಗಲ್ಲ. ನೀವು ಕೂತ್ಕೊಳ್ಳಿ," ಅಂದೆ.

ಗ್ಯಾಸ್ ಹೀಟರಿನ ಪಕ್ಕ ಒಂದು ಪ್ಲಾಸ್ಟಿಕ್ ಕುರ್ಚಿ ಹಾಕಿ, ಒಂದು ಕಪ್ ಚಹ, ಎರಡು ಬಿಸ್ಕತ್ತು ಕೊಟ್ಟು ಮೇಜಿಗೆ ವಾಪಸಾದೆ. ಅಷ್ಟರಲ್ಲಿ ಜಗಳ ಶುರುವಾಗಿತ್ತು.

ಆ ಲ್ಯಾಪ್‌ಟಾಪಿನ ವೈಫೈ ನಡೆಯಲು ಅದರ ತಯಾರಕರು ಗುಟ್ಟಾಗಿಟ್ಟ ಒಂದು ಚಿಕ್ಕ ಫೈಲು ಬೇಕಿತ್ತು. ಹಾಕಿದರೆ ವೈಫೈ ಬರುತ್ತದೆ, ಹಾಕದಿದ್ದರೆ ಇಲ್ಲ. ನನ್ನ ಗೆಳೆಯ ಹಾಕುವುದಿಲ್ಲ ಅಂದ. "ಒಂದು ಹನಿ ವಿಷ ಹಾಕಿದ್ರೂ ವಿಷಾನೇ ಕಣೋ," ಅಂತ ನನಗೆ ಕನ್ನಡದಲ್ಲೂ, ಉಳಿದವರಿಗೆ ಇಂಗ್ಲಿಷಿನಲ್ಲೂ ಹೇಳಿದ. ಬಿಳಿಗಡ್ಡದವನು, ಇಂಥ ತೊಂದರೆಯೆಲ್ಲ ನಿಮ್ಮ ಲಿನಕ್ಸ್‌ನವರ ಅಶಿಸ್ತಿನಿಂದ ಬಂದದ್ದು ಅಂದ. ಅಲ್ಲಿಂದ ಮಾತು ಎಲ್ಲೆಲ್ಲಿಗೋ ಹೋಯಿತು. ಯಾವ ಬಗೆ ಹಾಕಬೇಕು, ಹಾರ್ಡ್ ಡಿಸ್ಕನ್ನು ಹೇಗೆ ಭಾಗ ಮಾಡಬೇಕು, ಹತ್ತು ವರ್ಷದ ಹಿಂದೆ ಯಾರು ಯಾರಿಗೆ ದ್ರೋಹ ಮಾಡಿದರು. ನಾನು ಗೆಳೆಯನ ವಿರುದ್ಧ ಮಾತಾಡಿದೆ. ಆಂಟಿಗೆ ವೈಫೈ ಬೇಕು ಅನ್ನುವುದು ನನ್ನ ವಾದವಾಗಿತ್ತು, ಆದರೆ ಆಂಟಿಯನ್ನು ಕೇಳಬೇಕು ಅಂತ ನನಗೂ ಹೊಳೆಯಲಿಲ್ಲ. ಹದಿನೈದು ಹೆಜ್ಜೆ ಆಚೆ ಕೂತಿದ್ದರು. ಒಂದೂವರೆ ಗಂಟೆ ಕಳೆಯಿತು.

ನಡುವೆ ಒಮ್ಮೆ ಕಪ್ಪು ಇಡಲು ಬಂದು ನನ್ನ ತೋಳು ಮುಟ್ಟಿ ಮೆಲ್ಲಗೆ ಕೇಳಿದರು, "ಇವರಿಬ್ಬರೂ ಅಣ್ಣತಮ್ಮರೇನು? ಆಸ್ತಿ ಜಗಳ ಐತೇನ?"

ನಾನು ನಕ್ಕೆ. ಅದನ್ನು ಇಂಗ್ಲಿಷಿನಲ್ಲಿ ಉಳಿದವರಿಗೂ ಹೇಳಿ ನಗಿಸಿದೆ. ಆ ನಗುವಿನಲ್ಲೇ ಗೆಳೆಯ ಲ್ಯಾಪ್‌ಟಾಪನ್ನು ತನ್ನ ಕಡೆ ಎಳೆದುಕೊಂಡು ಪೆನ್ ಡ್ರೈವ್ ಚುಚ್ಚಿದ. ಅರ್ಧ ಗಂಟೆಯಲ್ಲಿ ಹೊಸ ವ್ಯವಸ್ಥೆ ಕೂತಿತು. ಪರದೆಯ ಮೇಲೆ ನೀಲಿ ಬೆಟ್ಟದ ಚಿತ್ರ ಬಂತು. ಎಲ್ಲರೂ ಚಪ್ಪಾಳೆ ತಟ್ಟಿದರು. ಆಂಟಿಯೂ ತಟ್ಟಿದರು.

ಮಾರನೆಯ ದಿನ ಮಗಳ ಫೋನು. ಮನೆಯಲ್ಲಿ ವೈಫೈ ಬರುತ್ತಿಲ್ಲ, ಅದು ಹಾಳಾಗಿ ಹೋಗಲಿ, ಅಮ್ಮನ ಫೈಲುಗಳು ಕಾಣುತ್ತಿಲ್ಲ ಅಂದಳು. ನಾನು ಹೋದೆ. ಆಂಟಿ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಿದ್ದರು. ನಾನು ಹುಡುಕಿದೆ. ಹುಡುಕುವುದಕ್ಕೇನೂ ಇರಲಿಲ್ಲ. ಹೊಸ ವ್ಯವಸ್ಥೆ ಕೂರಿಸುವಾಗ ಗೆಳೆಯ ಡಿಸ್ಕನ್ನು ಪೂರ್ತಿ ಒರೆಸಿ ಹಾಕಿದ್ದ.

ಅಲ್ಲಿಂದಲೇ ಗೆಳೆಯನಿಗೆ ಫೋನ್ ಮಾಡಿದೆ. "ಬ್ಯಾಕಪ್ ಎಲ್ಲೋ?"

"ಗಡ್ಡದವನು ತಗೊಂಡಿರ್ತಾನೆ. ಅವನ ಡ್ರೈವ್ ಮೇಜಿನ ಮೇಲೆ ಇತ್ತಲ್ಲ."

ಗಡ್ಡದವನಿಗೆ ಮಾಡಿದೆ. ಇನ್‌ಸ್ಟಾಲ್ ಮಾಡುವವನೇ ಬ್ಯಾಕಪ್ ತೆಗೆಯುವುದು ರೂಢಿ, ನನ್ನ ಡ್ರೈವ್ ಬೇರೆ ಕೆಲಸಕ್ಕೆ ತಂದದ್ದು ಅಂದ. ಇಬ್ಬರದೂ ತಪ್ಪೇ. ಆದರೆ ಆಂಟಿಗೆ ಏನೂ ಆಗಲ್ಲ ಅಂತ ಮಾತು ಕೊಟ್ಟಿದ್ದು ನಾನು. ಫೋನ್ ಇಟ್ಟು ಅವರ ಕಡೆ ತಿರುಗಿದಾಗ ಅವರಿಗೆ ಆಗಲೇ ಗೊತ್ತಾಗಿತ್ತು.

"ಹೋದ್ವೇನು?" ಅಂದರು.

"ನೋಡ್ತೀನಿ ಆಂಟಿ. ಇದನ್ನ ಇನ್ನು ಆನ್ ಮಾಡ್ಬೇಡಿ. ನಾನು ತಗೊಂಡು ಹೋಗ್ತೀನಿ."

ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಎದ್ದು ಹೋಗಿ ಅದೇ ಟವಲು ತಂದು ಸುತ್ತಿ ಕೊಟ್ಟರು.

ಅವತ್ತೇ ನಮ್ಮ ಶನಿವಾರದ ಗುಂಪಿನ ಇಮೇಲ್ ಪಟ್ಟಿಗೆ ನಡೆದದ್ದನ್ನೆಲ್ಲ ಬರೆದು, ಅಳಿಸಿದ ಡಿಸ್ಕಿನಿಂದ ಫೈಲು ಹೊರತೆಗೆಯಲು ಯಾರಾದರೂ ನೆರವಾಗುತ್ತೀರಾ ಅಂತ ಕೇಳಿದೆ. ಉತ್ತರಗಳು ದಬದಬ ಬಂದವು. ಮೊದಲನೆಯದು, ಬ್ಯಾಕಪ್ ಇಡದವರಿಗೆ ಇದೊಂದು ಪಾಠ ಅಂತ. ಎರಡನೆಯದು, ಡಿಸ್ಕ್ ವಿನ್ಯಾಸ ತನ್ನ ವ್ಯವಸ್ಥೆಯದಾಗಿದ್ದರೆ ಹೀಗಾಗುತ್ತಲೇ ಇರಲಿಲ್ಲ ಅಂತ, ಗಡ್ಡದವನದು. ಅದಕ್ಕೆ ಗೆಳೆಯನ ಮಾರುದ್ದದ ಜವಾಬು. ಆಂಟಿ ಬಳಸಿದ್ದು ಯಾವುದೋ ಕಂಪನಿಯ ಗುಟ್ಟಿನ ಫಾಂಟು, ಗುಟ್ಟಿನ ಫೈಲೇ ಇರಬೇಕು, ಆದ್ದರಿಂದ ಆ ಬರಹ ಮೊದಲಿನಿಂದಲೂ ಅವರ ಕೈಯಲ್ಲಿ ಇರಲೇ ಇಲ್ಲ, ಇದ್ದದ್ದು ಕಂಪನಿಯ ಕೈಯಲ್ಲಿ ಅಂತ ಬರೆದಿದ್ದ. ಆ ಸಾಲನ್ನು ನಾನು ಎರಡು ಸಲ ಓದಿದೆ. ಮೂವತ್ತು ವರ್ಷ ಕಂಡವರ ನೆತ್ತರಲ್ಲಿ ಕೈ ಅದ್ದಿ ಮಕ್ಕಳನ್ನು ಈಚೆ ತಂದ ಹೆಂಗಸು ತಾನೇ ಟೈಪ್ ಮಾಡಿದ ಮಾತು ಅವಳದಲ್ಲವಂತೆ. ನಾಲ್ಕು ದಿನ ಆ ಚರ್ಚೆ ನಡೆಯಿತು. ಆಂಟಿಯ ಸುದ್ದಿ ಎರಡನೆಯ ದಿನಕ್ಕೇ ಅದರಿಂದ ಬಿದ್ದುಹೋಗಿತ್ತು. ನೆರವಿಗೆ ಒಬ್ಬನೂ ಬರಲಿಲ್ಲ.

ನನ್ನ ಮನಸ್ಸನ್ನು ಹೆಚ್ಚು ಕೆಡಿಸಿದ್ದು ಇನ್ನೊಂದು. ಅವರು ಬಳಸುತ್ತಿದ್ದ ಮಾತುಗಳೆಲ್ಲ ನನಗೆ ಪರಿಚಿತ. ಹಿಂದಿನ ವರ್ಷ ಒಬ್ಬ ಮುದುಕ ತನ್ನ ಪ್ರಿಂಟರ್ ಕೆಲಸ ಮಾಡುತ್ತಿಲ್ಲ ಅಂತ ಅದೇ ಪಟ್ಟಿಯಲ್ಲಿ ಅಳಲು ತೋಡಿಕೊಂಡಾಗ, ಅಂಥ ಪ್ರಿಂಟರ್ ಕೊಂಡದ್ದು ನಿನ್ನ ತಪ್ಪು ಅಂತ ಬರೆದು ಶಭಾಷ್‌ಗಿರಿ ಪಡೆದವನು ನಾನೇ. ಆ ಇಮೇಲನ್ನು ಹುಡುಕಿ ಓದಿದೆ. ಬರೆದವನ ಮುಖಕ್ಕೆ ಉಗಿಯಬೇಕು ಅನ್ನಿಸಿತು.

ಡಿಸ್ಕ್ ಬಿಚ್ಚಿ, ಅಳಿಸಿದ್ದನ್ನು ಕೆದಕಿ ತೆಗೆಯುವ ಸಾಫ್ಟ್‌ವೇರ್ ಹಚ್ಚಿದೆ. ಅದೂ ನಮ್ಮ ತೆರೆದ ಸಾಫ್ಟ್‌ವೇರೇ, ಪುಣ್ಯಾತ್ಮರು ಯಾರೋ ಬರೆದದ್ದು. ಹೆಸರಿಲ್ಲದ ಸಾವಿರಾರು ತುಣುಕುಗಳು ಬಂದವು. ಬಹಳಷ್ಟು ಕಸ. ಆಂಟಿಯವು ಅಂತ ಕಂಡದ್ದನ್ನು ತೆರೆದರೆ ಕನ್ನಡವೇ ಇಲ್ಲ. ಹಳೆಯ ಕಾಲದ ಫಾಂಟು ಅದು. ಆ ಫಾಂಟು ಇಲ್ಲದ ಕಡೆ ತಲೆಯ ಮೇಲೆ ಚುಕ್ಕಿ, ಕೊಂಬು ಹೊತ್ತ ಪರದೇಶಿ ಅಕ್ಷರಗಳ ಗುಡ್ಡೆಯಾಗಿ ಕಾಣುತ್ತದೆ. ಅದನ್ನು ಈಗಿನ ಕನ್ನಡಕ್ಕೆ ತಿರುಗಿಸುವ ತೆರೆದ ಸಾಫ್ಟ್‌ವೇರ್ ಒಂದನ್ನು ಹಾಕಿ ನೋಡಿದೆ. ಮುರಿದ ಫೈಲುಗಳಾದ್ದರಿಂದಲೋ ಏನೋ ಒತ್ತಕ್ಷರ, ಅರ್ಕಾವೊತ್ತು ಎಲ್ಲ ದಿಕ್ಕಾಪಾಲು. ಕೊನೆಗೆ ಆ ಕಾಲದ ಟೈಪಿಂಗ್ ಸಾಫ್ಟ್‌ವೇರೇ ಬೇಕಾಯಿತು, ಅದಕ್ಕೆ ವಿಂಡೋಸ್ ಬೇಕಾಯಿತು. ಏಳು ವರ್ಷದ ಮೇಲೆ ನನ್ನ ಮನೆಯ ಕಂಪ್ಯೂಟರಿಗೆ ವಿಂಡೋಸ್ ಹಾಕಿದೆ. ಏನೂ ಅನ್ನಿಸಲಿಲ್ಲ. ಅಕ್ಷರ ಕನ್ನಡವಾದದ್ದು ಕಂಡು ಹೆಂಡತಿಯನ್ನು ಕೂಗಿ ಕರೆದೆ.

ನಾವಿಬ್ಬರೂ ನಿಂತು ಓದಿದೆವು. ಹಳ್ಳ ಬಂದು ದಾರಿ ನಿಂತಾಗ ಟ್ರ್ಯಾಕ್ಟರಿನಲ್ಲೇ ಆದ ಹೆರಿಗೆ. ಬಸ್ ಸ್ಟ್ಯಾಂಡಿನಲ್ಲಿ ಗುರುತಿಲ್ಲದ ಹೆಂಗಸರು ಸುತ್ತ ನಿಂತು ಸೀರೆ ಸೆರಗು ಮರೆ ಹಿಡಿದದ್ದು. ಅಳದೆ ಮೊದಲು ಸೀನಿದ ಹೆಣ್ಣು ಕೂಸು. ಐದನೆಯದೂ ಹೆಣ್ಣಾಯಿತೆಂದು ಮುಖ ತಿರುವಿ ಮಲಗಿದ ತಾಯಿಯ ಕೈಯನ್ನು ಬೆಳಗಾಗುವ ತನಕ ಹಿಡಿದು ಕೂತದ್ದು. ಸಣ್ಣ ಸಣ್ಣ ವಾಕ್ಯ. ಎಲ್ಲೂ ತನ್ನ ಹೊಗಳಿಕೆ ಇಲ್ಲ. ಓದುತ್ತಾ ನನ್ನ ಹೆಂಡತಿ ಕೂತುಬಿಟ್ಟಳು.

ಅವರು ಬರೆದದ್ದು ಇನ್ನೂರರ ಮೇಲೆ ಅಂತ ಹೇಳಿದ್ದರು. ಇಡಿಯಾಗಿ ಸಿಕ್ಕಿದ್ದು ನಲವತ್ತೊಂದು. ಇನ್ನೊಂದಿಷ್ಟು ಅರ್ಧಂಬರ್ಧ. ಪ್ರಿಂಟ್ ತೆಗೆದುಕೊಂಡು ಒಂದು ಭಾನುವಾರ ಹೋದೆ. ಆಂಟಿ ಕನ್ನಡಕ ಹಾಕಿಕೊಂಡು ಒಂದೊಂದೇ ಹಾಳೆ ತಿರುವಿದರು. ಕೆಲವು ಕಡೆ ನಕ್ಕರು.

"ಉಳಿದವನ್ನ ನೀವು ಹೇಳ್ತಾ ಹೋಗಿ ಆಂಟಿ, ನಾನು ಟೈಪ್ ಮಾಡ್ತೀನಿ. ಪ್ರತಿ ಭಾನುವಾರ ಬರ್ತೀನಿ," ಅಂದೆ.

ಅವರು ಆಗದು ಅನ್ನುವಂತೆ ತಲೆ ಆಡಿಸಿದರು. "ಬರದಿಟ್ಟೀನಲ್ಲ ಅಂತ ನಿಶ್ಚಿಂತಿಯಿಂದ ಮರ್ತುಬಿಟ್ಟೆ ತಮ್ಮಾ. ತಲಿಯಾಗಿಂದ ಅದರಾಗ ಇಳಿಸಿ ಹಗರಾಗಿದ್ದೆ."

ಅರ್ಧಕ್ಕೆ ನಿಂತ ಒಂದು ಹಾಳೆ ನನ್ನನ್ನು ಕೊರೆಯುತ್ತಿತ್ತು. ಅದನ್ನು ಅವರ ಮುಂದೆ ಇಟ್ಟೆ. ಚಳಿಗಾಲ, ಕಂದೀಲಿನ ಬೆಳಕು, ಏಳು ತಿಂಗಳಿಗೇ ಬಂದ ನೋವು. ಕೊನೆಯ ಸಾಲು, "ಕೂಸು ಉಸಿರಾಡಲಿಲ್ಲ. ನಾನು ಅದನ್ನ", ಅಷ್ಟೇ. ಮುಂದೆ ಕಸ.

"ಆಮೇಲೇನಾಯ್ತು? ಬದುಕ್ತಾ?"

ಆಂಟಿ ಹಾಳೆಯನ್ನು ಬೆಳಕಿಗೆ ಹಿಡಿದರು. "ಯಾವ ಕೂಸು ಅಂತ ಗೊತ್ತಾಗವಲ್ದು. ಹಿಂಗ ಭಾಳ ಇದ್ದವು. ಕೆಲವು ಉಳದವು, ಕೆಲವು ಇಲ್ಲ." ಹಾಳೆಯನ್ನು ಮಡಚದೆ, ಉಳಿದವುಗಳ ಜೊತೆ ಸೇರಿಸದೆ, ಬೇರೆಯೇ ಇಟ್ಟರು. ಆಮೇಲೆ ಒಳಗೆ ಹೋಗಿ ನನಗೆ ಊಟಕ್ಕೆ ತಟ್ಟೆ ಹಾಕಿದರು.

ಗುಂಪಿಗೆ ಕೊನೆಯದಾಗಿ ಒಂದು ಇಮೇಲ್ ಬರೆದೆ. ಎಷ್ಟು ಸಿಕ್ಕಿತು, ಎಷ್ಟು ಹೋಯಿತು, ಆ ಕೂಸಿನ ಸಾಲು, ಎಲ್ಲ. ಯಾರಾದರೂ ಹೋಗಿ ಅವರ ಕ್ಷಮೆ ಕೇಳಿದರೆ ಒಳ್ಳೆಯದು, ಅವರ ಒಪ್ಪಿಗೆ ಕೇಳಿ ವಿಳಾಸ ಕೊಡುತ್ತೇನೆ ಅಂದೆ. ಒಂದು ಗಂಟೆಯೊಳಗೆ ಗೆಳೆಯನ ಉತ್ತರ ಬಂತು. ಫೈಲು ತೆರೆಯಲು ವಿಂಡೋಸ್ ಹಾಕಿದೆಯಾ, ನಿನ್ನಿಂದ ಇದನ್ನು ನಿರೀಕ್ಷಿಸಿರಲಿಲ್ಲ, ಅಂತ. ಗಡ್ಡದವನು ಜೀವನದಲ್ಲಿ ಮೊದಲ ಸಲ ಅವನ ಮಾತನ್ನು ಒಪ್ಪಿದ್ದ.

ಪಟ್ಟಿಯಿಂದ ನನ್ನ ಹೆಸರು ತೆಗೆಸಿದೆ. ಗೆಳೆಯ ಎರಡು ಸಲ ಫೋನ್ ಮಾಡಿದ, ಎತ್ತಲಿಲ್ಲ. ಮೂರನೆಯ ಸಲ ಎತ್ತಿ, "ಆಂಟಿ ಹೇಗಿದ್ದಾರೆ ಅಂತ ಕೇಳು, ಮಾತಾಡ್ತೀನಿ," ಅಂದೆ. "ಯಾವ ಆಂಟಿ?" ಅಂದ. ನಿಜವಾಗಿಯೂ ಅವನಿಗೆ ತಕ್ಷಣ ಹೊಳೆದಿರಲಿಲ್ಲ. ಕಟ್ ಮಾಡಿದೆ.

ಭಾನುವಾರಗಳಲ್ಲಿ ಈಗಲೂ ಆಂಟಿಯ ಮನೆಗೆ ಹೋಗುತ್ತೇನೆ. ಕೆಲವು ವಾರ ಅವರಿಗೆ ಒಂದೂ ನೆನಪಾಗುವುದಿಲ್ಲ, ಸುಮ್ಮನೆ ಚಹ ಕುಡಿದು ಬರುತ್ತೇನೆ. ಹೋದ ತಿಂಗಳು ಒಂದು ಹೇಳಿದರು. ಅವಳಿ ಮಕ್ಕಳು, ಒಂದು ಅಮಾವಾಸ್ಯೆ ಹಿಡಿಯುವ ಮುಂಚೆ, ಒಂದು ಹಿಡಿದ ಮೇಲೆ. ಎರಡೂ ಬದುಕಿದವು ಅಂತ ಖಾತ್ರಿಯಾಗಿ ಹೇಳಿದರು. ಟೈಪ್ ಮಾಡಿ, ಓದಿ ಹೇಳಿ, ಎರಡು ಕಡೆ ಉಳಿಸಿ, ಅವರ ಕೈಗೆ ಪ್ರಿಂಟ್ ಕೊಟ್ಟು ಬಂದೆ.