ತಗ್ಗಿಸಿದ ಫಿಯೆಟ್ಟು, ಬಿಳಿ ಅಂಗಿ

ಅಪ್ಪನ ಕಾಲದ ಫಿಯೆಟ್ ಕಾರು ನೆಲಕ್ಕೆ ಅಂಟಿ ಕೂತಂತೆ ಕಾಣಲಿ ಎಂದು ನಾನೇ ಅದರ ಮುಂದಿನ ಸ್ಪ್ರಿಂಗುಗಳನ್ನು ಒಂದೊಂದು ಸುತ್ತು ಕತ್ತರಿಸಿ, ಗಟ್ಟಿ ಶಾಕ್ ಅಬ್ಸಾರ್ಬರ್ ಹಾಕಿದ್ದೆ. ಅಂಕೋಲೆಯಲ್ಲಿ ಅಕ್ಕನ ಮಗಳ ಮದುವೆ. ಮದುಮಗಳು ಬರುವುದು ಇದೇ ಕಾರಿನಲ್ಲಿ ಎಂದು ಠರಾವಾಗಿತ್ತು.

ಮದುವೆಯ ಹಿಂದಿನ ದಿನ ಕಾರವಾರದಿಂದ ಹೊರಟು ಬೈತಖೋಲ ಬಂದರು ದಾಟುವಾಗ ಸ್ಕೂಟರಿನವರೊಬ್ಬರು ಅಡ್ಡ ಬಂದು ನಿಲ್ಲಿಸಿದರು. ಇಸ್ತ್ರಿ ಹಾಕಿದ ಬಿಳಿ ಅಂಗಿ, ಹಿಂದೆ ರೇಷ್ಮೆ ಸೀರೆಯ ಹೆಂಡತಿ.

"ಚಕ್ರ ಎಂತಕೋ ಉಜ್ಜತದೆ. ಕೇಳಿಸೂದಿಲ್ವಾ ನಿಮ್ಗೆ?"

"ಹೊಸ ಶಾಕು ಗಟ್ಟಿ ಅದೆ, ಅದ್ರ ಸದ್ದು," ಎಂದೆ ಬಿಗುವಾಗಿ.

"ಇವ್ರು ಮೀನು ಹಿಡಿಯೋ ಟ್ರಾಲರ್ ಇಂಜಿನ್ ರಿಪೇರಿ ಮಾಡೋರು. ಸದ್ದು ಕೇಳಿದ್ರೆ ನೆಂಟ್ರ ಗೃಹಪ್ರವೇಶಕ್ಕೆ ಹೊರಟದ್ದೂ ಮರೀತಾರೆ," ಎಂದು ಹೆಂಡತಿ ನಿಟ್ಟುಸಿರು ಬಿಟ್ಟರು.

ಗಂಡ ಆಗಲೇ ಕಾರಿನಡಿ ಮಲಗಿದ್ದರು. ನನ್ನನ್ನೂ ಬಗ್ಗಿಸಿ ತೋರಿಸಿದರು. ತಗ್ಗಿದ ಕಾರಿನ ಚಕ್ರ ಉಜ್ಜಿ ಉಜ್ಜಿ ಬ್ರೇಕಿನ ಪೈಪು ಅರ್ಧ ಸವೆದಿತ್ತು. ನಾಳೆ ಮದುಮಗಳು ಕೂರುವುದು ಇದರಲ್ಲೇ ಎಂದು ನೆನಪಾಗಿ ಕಾರಿನ ಕೀಲಿಯನ್ನು ಅವರ ಕೈಗೇ ಕೊಟ್ಟೆ.

ಅವರು ಫೋನು ಮಾಡಿ ಹೊಸ ಪೈಪು ತರಿಸಿದರು. ಅದನ್ನು ಹಾಕಿ, ಸ್ಪ್ರಿಂಗಿನ ಮೇಲೆ ದಪ್ಪ ರಬ್ಬರು ಕೂರಿಸಿ ಕಾರನ್ನು ಮೇಲೆತ್ತಿದರು. ಎದ್ದಾಗ ಬಿಳಿ ಅಂಗಿ ಪೂರಾ ಮಸಿ.

"ನಿಮ್ಗೆ ಗೃಹಪ್ರವೇಶ ತಪ್ಪಿಸ್ದೆ," ಎಂದೆ.

"ಊಟಕ್ಕೆ ಮುಟ್ಟಿದ್ರೆ ಸಾಕು ಮಾರಾಯ್ರೆ," ಎಂದು ನಕ್ಕರು.

ಮದುವೆಗೆಂದು ಹೊಲಿಸಿ ಕಾರಿನಲ್ಲಿಟ್ಟಿದ್ದ ನನ್ನ ಹೊಸ ಅಂಗಿಯನ್ನು ಒತ್ತಾಯ ಮಾಡಿ ಅವರಿಗೆ ತೊಡಿಸಿ ಕಳಿಸಿದೆ.

ಮರುದಿನ ಮದುಮಗಳು ಸುಖವಾಗಿ ಬಂದಿಳಿದಳು. ಮದುವೆಯ ಫೋಟೋಗಳಲ್ಲೆಲ್ಲ ನಾನು ಕಾಲರು ಸವೆದ ಹಳೆ ಅಂಗಿಯಲ್ಲೇ ಇದ್ದೇನೆ. ಅಕ್ಕ ಈಗಲೂ ಬೈಯುತ್ತಾಳೆ. ನನಗೆ ಮಾತ್ರ ಅಷ್ಟು ಚಂದದ ಫೋಟೋ ಬೇರೆ ಇಲ್ಲ.