ಅಕ್ಕನ ಕಿವಿಗೆ ಒಂದು ವೋಲ್ಟು

ಸಂಜೆ ಲೋ ವೋಲ್ಟೇಜ್ ಆಗಿ ಫ್ಯಾನು ಕುಂಟತೊಡಗಿದರೆ ಲೈನ್‌ಮ್ಯಾನಿನ ವಂಶವನ್ನೆಲ್ಲ ಬೈಯುತ್ತೀರಲ್ಲ, ಬೇಕೆಂದೇ ಲೋ ವೋಲ್ಟೇಜ್ ಇಟ್ಟುಕೊಂಡು ಕೂತವಳನ್ನು ಏನೆಂದು ಬೈಯುತ್ತೀರಿ?

ಅಂಥವಳೊಬ್ಬಳು ನಮ್ಮ ರಾಯದುರ್ಗದ ಮನೆಯಲ್ಲೇ ಇದ್ದಾಳೆ. ನನ್ನ ಮೊಮ್ಮಗಳು, ಎಂ.ಟೆಕ್ ಓದುತ್ತಾಳೆ. ರಜೆಗೆ ಬಂದರೂ ಲ್ಯಾಪ್‌ಟಾಪ್ ಬಿಟ್ಟು ಏಳುವುದಿಲ್ಲ. ಅದರೊಳಗೇ ಒಂದು ಆಂಪ್ಲಿಫೈಯರ್ ಕಟ್ಟಿ, ಅದರೊಳಗೇ ಕರೆಂಟು ಹರಿಸಿ ನೋಡುತ್ತಾಳೆ. ಸಣ್ಣ ಸದ್ದನ್ನು ಅದು ದೊಡ್ಡದು ಮಾಡಬೇಕು, ಆದರೆ ಅದಕ್ಕೆ ಸಿಗುವುದು ಒಂದೇ ಒಂದು ವೋಲ್ಟು. ಗುಂಡಿಯಷ್ಟು ಸೆಲ್ಲಿನ ಮೇಲೆ ಕಿವಿಯ ಮಿಷನ್ನಿನಲ್ಲಿ ಓಡಬೇಕಲ್ಲ, ಅದಕ್ಕೆ.

ಕಿವಿ ಯಾರದು ಅಂದರೆ, ಮಡಕಶಿರದಲ್ಲಿರುವ ನಮ್ಮ ಅಕ್ಕನದು. ಅಕ್ಕ ಪೂರ್ತಿ ಕಿವುಡಿ. ಹಿಂದೆ ಅವಳ ಮಗ ಅಂಗಡಿಯಿಂದ ಒಂದು ಮಿಷನ್ ತಂದು ಹಾಕಿಸಿದ್ದ. ಅದು ಕಿವಿಯಲ್ಲಿ ಸಿಳ್ಳೆ ಹೊಡೆಯಿತೆಂದು ಅಕ್ಕ ಅದನ್ನು ತೆಗೆದು ಎಮ್ಮೆಯ ಕಲಗಚ್ಚಿಗೆ ಎಸೆದಳು. "ದೊಡ್ಡಜ್ಜಿಗೆ ಸಿಳ್ಳೆ ಹೊಡೀಲಾರದ್ದು ನಾನೇ ಮಾಡ್ತೀನಿ" ಎಂದು ಮೊಮ್ಮಗಳು ಹಟ ಹಿಡಿದದ್ದು ಆಗಿನಿಂದ.

ನನಗೆ ಮಾತ್ರ ಆ ಕಿವುಡಿನಿಂದ ಬಹಳ ಸುಖವಿತ್ತು. ಮಡಕಶಿರಕ್ಕೆ ಹೋದಾಗಲೆಲ್ಲ ಅಕ್ಕನ ಎದುರಿಗೆ ಕೂತು, ಮುಖದ ತುಂಬ ನಗು ಹಚ್ಚಿಕೊಂಡು, ಮೆಲ್ಲಗೆ ಬೈಯುತ್ತಿದ್ದೆ. "ಏನೇ ಹಳೇ ಮೊರ, ಇನ್ನೂ ಹೋಗ್ಲಿಲ್ಲೇನು? ಅವ್ವನ ಬುಗುಡಿ ಬಿಚ್ಚಿ ನನ್ನ ಕೈಯಾಗ ಇಟ್ಟು ಆಮ್ಯಾಲೆ ಹೋಗು." ಅಕ್ಕ, ಕಿವಿ ಕೇಳುತ್ತಿದ್ದ ಕಾಲದಿಂದಲೂ ನಾವಿಬ್ಬರೂ ಜಗಳಾಡಿದ ಆ ಬುಗುಡಿ ಜೋತ ಕಿವಿಯನ್ನು ಆಡಿಸುತ್ತ ತಲೆದೂಗುತ್ತಿದ್ದಳು, ತುಟಿ ಅಲುಗಿಸುತ್ತಿದ್ದಳು. ದೇವರ ನಾಮ ಹೇಳಿಕೊಳ್ಳುತ್ತಾರೆ ಎಂದು ಅವಳ ಸೊಸೆ ಹೇಳಿದ್ದಳು. ನಿಜವಾಗಿ ಏನಾದರೂ ತಿಳಿಸಬೇಕಾದರೆ ಫೋನಿನಲ್ಲಿ ದಪ್ಪಕ್ಷರದಲ್ಲಿ ಟೈಪ್ ಮಾಡಿ ತೋರಿಸುತ್ತೇನೆ. ಈ ಟೈಪಿಂಗು ಕಲಿತದ್ದೇ ಅದಕ್ಕೆ.

ಇತ್ತ ಮೊಮ್ಮಗಳ ಆಂಪ್ಲಿಫೈಯರೂ ಸಿಳ್ಳೆ ಹೊಡೆಯುತ್ತಿತ್ತು. ಲ್ಯಾಪ್‌ಟಾಪಿನಿಂದ ಕುಂಯ್ ಎಂದು ಬಂದಾಗಲೆಲ್ಲ ಪಕ್ಕದ ಮನೆಯಲ್ಲಿ ಜೀನ್ಸ್ ಹೊಲಿಯುವವರು ಮಿಷನ್ ನಿಲ್ಲಿಸಿ ಕಿಟಕಿಯಲ್ಲಿ ಇಣುಕುತ್ತಿದ್ದರು.

"ಏನವಾ, ಬ್ಯಾಳಿ ಬೆಂದಿಲ್ಲೇನು ಇನ್ನಾ? ಎಷ್ಟು ಕೂಗಿಸ್ತಿ ಕುಕ್ಕರು?" ಎಂದೆ.

"ಅಜ್ಜಿ, ಕಾಲೇಜಿನಾಗ ಸರ್ ಕೂಡ ಎಲ್ಲರ ಮುಂದ ಇದನ್ನೇ ಅಂದ್ರು. ಕುಕ್ಕರ್ ಅಂಗಡಿ ಇಟ್ಕೊ ಅಂದ್ರು. ಮುಂದಿನ ಸಲವೂ ಸಿಳ್ಳೆ ಬಂದ್ರ ಇದನ್ನ ಬಿಟ್ಟು ಬ್ಯಾರೆ ವಿಷಯ ತಗೋಬೇಕಂತ. ಇನ್ನೊಂದು ವರ್ಷ ಅಲ್ಲೇ ಬಿದ್ದಿರ್ಬೇಕು."

"ಒಳ್ಳೇದಾತು ಬಿಡು. ಅಲ್ಲಿ ಹಾಸ್ಟೆಲ್ ಸಾರು ಕುಡ್ದು ಇನ್ನೊಂದಿಷ್ಟು ಸೊರಗು."

ಅವಳ ಕಣ್ಣು ತುಂಬಿತು. ನಾನು ನೋಡದವಳಂತೆ ಶೇಂಗಾ ಸುಲಿಯುತ್ತ ಕೂತೆ. ಅವಳು ಮೂಗು ಒರೆಸಿಕೊಂಡು ಒಂದು ಕಾಯಿ ಎತ್ತಿಕೊಂಡಳು.

"ಅಟ್ಟದಾಗ ಶೇಂಗಾ ಚೀಲ ಒಂದ್ರ ಮ್ಯಾಲೆ ಒಂದು ಪೇರಿಸಿದ್ರ ಎತ್ತರ ಆಗ್ತೈತಿ ಅಲ್ಲೇನಜ್ಜಿ? ಟ್ರಾನ್ಸಿಸ್ಟರೂ ಹಂಗ. ಪೇರಿಸಿದಷ್ಟೂ ಸದ್ದು ಬೆಳೀತೈತಿ. ಆದ್ರ ಒಂದು ವೋಲ್ಟ್ ಅಂದ್ರ ತಗ್ಗು ಅಟ್ಟ. ಇನ್ನೊಂದು ಚೀಲ ಇಟ್ರ ಸೂರಿಗೆ ಬಡೀತೈತಿ."

"ಹಂಗಾರ ಬಾಜೂಕ ಇನ್ನೊಂದು ಸಾಲು ಹಚ್ಚು."

"ಹಚ್ಚೀನಿ. ಹಚ್ಚಿದ ಮ್ಯಾಲೇ ಸಿಳ್ಳೆ ಶುರು ಆಗಿದ್ದು. ಎರಡು ಸಾಲೂ ಒಂದನ್ನೊಂದು ಕೆಣಕ್ತಾವ. ನಡುವ ಒಂದು ಸಣ್ಣ ಕಂಡೆನ್ಸರ್ ಹಾಕಿ ಸಮಾಧಾನ ಮಾಡ್ಬೇಕು. ಎಷ್ಟು ದೊಡ್ದು ಹಾಕ್ಬೇಕಂತ ಬಗೀಹರೀವಲ್ದು. ಹೆಚ್ಚು ಹಾಕಿದ್ರ ಮಂಕಾಗ್ತೈತಿ, ಕಡಿಮಿ ಹಾಕಿದ್ರ ಕಿರಚ್ತೈತಿ."

"ಥೇಟ್ ನಾನೂ ನಮ್ಮಕ್ಕನೂ. ನಮ್ಮ ನಡುವ ಯಾರೂ ಏನೂ ಹಾಕ್ಲಿಲ್ಲ ನೋಡು."

ಕಂಡೆನ್ಸರಿನ ಅಳತೆ ಕೊನೆಗೂ ಕೂತಿತು. ಇನ್ನು ನಿಜವಾದ ಮಾತೊಂದನ್ನು ಅದರೊಳಗೆ ಹಾಯಿಸಿ ನೋಡಬೇಕಿತ್ತು. ದೊಡ್ಡಜ್ಜಿ ಕೂರುವ ಜಾಗದ್ದೇ ಸದ್ದು ಬೇಕು, ಅವಳ ಕಿವಿಯ ಹತ್ತಿರ ಫೋನ್ ಇಟ್ಟು ನೀನು ದೂರದಿಂದ ಮೆಲ್ಲಗೆ ಮಾತಾಡು, ರೆಕಾರ್ಡ್ ಆಗಲಿ ಎಂದು ಮೊಮ್ಮಗಳು ನನ್ನನ್ನು ಬಸ್ಸು ಹತ್ತಿಸಿದಳು.

ಅಕ್ಕನ ಹೆಗಲ ಮೇಲೆ, ಸೆರಗಿನ ಮಡಿಕೆಯಲ್ಲಿ ಫೋನ್ ಸಿಕ್ಕಿಸಿದೆ. ಮೊಮ್ಮಗಳು ಕೇಳುತ್ತಾಳಲ್ಲ, ಅವತ್ತು ಬಾಯಿಗೆ ಬೆಲ್ಲ ಸವರಿಕೊಂಡೆ. "ಅಕ್ಕಾ, ಆರಾಮಿದ್ದೀಯಾ? ಊಟ ಆತಾ? ನೀನು ನೂರು ವರ್ಷ ಬಾಳ್ಬೇಕು ಅಕ್ಕಾ." ಅಕ್ಕ ತಲೆದೂಗಿದಳು. ತುಟಿ ಅಲುಗಿತು.

ನಾಲ್ಕು ಮಾತು ಆ ಕಂಪ್ಯೂಟರಿನ ಸರ್ಕ್ಯೂಟು ದಾಟಿ ಹೊರಬರಲು ಇಡೀ ದಿನ ಹಿಡಿಯಿತು. ಕಾಲೇಜಿಗೆ ಹೋಗುವ ಹಿಂದಿನ ದಿನ ಮೊಮ್ಮಗಳು ಉಸಿರು ಬಿಗಿಹಿಡಿದು ಗುಂಡಿ ಒತ್ತಿದಳು. ಸಿಳ್ಳೆಯ ಸುಳಿವೇ ಇಲ್ಲ. ನನ್ನ ಬೆಲ್ಲದ ಮಾತು ದೂರದಲ್ಲಿ ಕೇಳಿಸಿತು. ಅದರ ಬೆನ್ನಿಗೇ, ಫೋನಿಗೆ ತೀರ ಹತ್ತಿರದಿಂದ, ಅಕ್ಕನ ಪಿಸುದನಿ:

"ಬಂದ್ಲು ಪೀಡೆ. ಕಡ್ಲೆಕಾಯ್ ಪುಟ್ಟಿ ಖಾಲಿಯಾಗಗಂಟ ಏಳಾಕಿಲ್ಲ ಇವ್ಳು. ಹಲ್ಲಿಲ್ದ ಬಾಯ್ನಾಗೆ ನಗು ಬ್ಯಾರೆ. ಗಂಡ ಬದುಕಿದ್ದಾಗ್ಲೂ ಇವ್ಳ ಮಕ ನೋಡ್ಲಾರ್ದೆ ಹೊಲ್ದಾಗೇ ಮನಿಕ್ಕಂತಿದ್ದ. ಬುಗುಡಿ ಬೇಕಂತೆ ಬುಗುಡಿ. ಎಮ್ಮೆ ಕಿವೀಗಾದ್ರೂ ಹಾಕ್ತೀನಿ, ಇವ್ಳಿಗೆ ಕೊಡಾಕಿಲ್ಲ."

ದೇವರ ನಾಮ ಅದು!

"ಅಜ್ಜೀ! ಒಂದು ಅಕ್ಷರ ಒಡೆದಿಲ್ಲ!" ಮೊಮ್ಮಗಳು ಕುಣಿಯುತ್ತಿದ್ದಳು. "ಹೊಲದಾಗ ಮಲಗ್ತಿದ್ದ ಅನ್ನೋದಂತೂ ಎಷ್ಟು ಚಂದ ಬಂದೈತಿ!"

"ಅದನ್ನ ಅಳಿಸು. ಹೋಗಿ ಬ್ಯಾರೆ ಮಾಡ್ಕೊಂಡು ಬರ್ತೀನಿ."

"ಬ್ಯಾರೇದು ಹಾಯಿಸಾಕ ಟೈಮೆಲ್ಲೈತಿ? ನಾಳೆ ಇದನ್ನೇ ಕೇಳ್ಸೋದು."

ಕೇಳಿಸಿಯೇ ಬಿಟ್ಟಳು. ಕನ್ನಡ ಬಲ್ಲ ಹುಡುಗರೆಲ್ಲ ಬೆಂಚು ಬಡಿದು ನಕ್ಕು, ತೆಲುಗಿನವರಿಗೆ ಅರ್ಥ ಬಿಡಿಸಿ ಹೇಳಿ ಅವರನ್ನೂ ನಗಿಸಿದರಂತೆ. ಸರ್ ಎರಡನೇ ಸಲ ಹಾಕಿಸಿ ಕೇಳಿ, "ಎವರಮ್ಮಾ ಈಮೆ?" ಎಂದರಂತೆ, ಯಾರಮ್ಮಾ ಈಕೆ ಎಂದು. ಕೆಲಸ ಒಪ್ಪಿಕೊಂಡರು. ನನ್ನ ಗಂಡ ಎಲ್ಲಿ ಮಲಗುತ್ತಿದ್ದ ಎಂದು ಇಡೀ ಕಾಲೇಜಿಗೆ ತಿಳಿಯಿತು.

ಮರುದಿನವೇ ಮಡಕಶಿರಕ್ಕೆ ಹೊರಟೆ. ದಾರಿಯುದ್ದಕ್ಕೂ ಬಸ್ಸಿನಲ್ಲಿ ಕೂತು ಟೈಪ್ ಮಾಡಿದೆ. ಅಕ್ಕ ಜಗುಲಿಯ ಮೇಲಿದ್ದಳು, ಮುಂದೆ ಕಡಲೆಕಾಯಿ ಪುಟ್ಟಿ. ಫೋನನ್ನು ಅವಳ ಮೂಗಿಗೆ ಹಿಡಿದೆ: "ನೀನು ಬೈದದ್ದೆಲ್ಲ ಮೊಮ್ಮಗಳ ಮಿಷನ್ನಿನಲ್ಲಿ ಕೇಳಿಸಿತು. ನಾಚಿಕೆ ಆಗೋದಿಲ್ವಾ? ಅವಳು ಆ ಮಿಷನ್ ಮಾಡ್ತಿರೋದು ನಿನ್ನ ಕಿವಿಗೆ."

ಅಕ್ಕ ಕಣ್ಣು ಕಿರಿದು ಮಾಡಿ ಎರಡು ಸಲ ಓದಿದಳು. ಆಮೇಲೆ ಪುಟ್ಟಿಯನ್ನು ತನ್ನ ಕಡೆಗೆ ಎಳೆದುಕೊಂಡು, ಬೀದಿಗೆಲ್ಲ ಕೇಳುವ ಹಾಗೆ ಹೇಳಿದಳು:

"ನಂಗ್ಯಾಕೇ ಅದು? ನೀನೇ ಹಾಕ್ಕ, ಎದುರ್ಗೇ ಕುಂತು ಬೈದ್ರೂ ಕೇಳಿಲ್ವಲ್ಲ ನಿಂಗೆ. ನಿನ್ ಮಾತು ಕೇಳೋದು ತಪ್ಪಿದ್ ಮ್ಯಾಕೇ ಕಣೇ ನಂಗೆ ಅನ್ನ ಮೈಗತ್ತಿರೋದು!"