ಕುರ್ಚಿಯ ಗುಳಿ ಓದುವ ಬೋದಿಲ್

ವಸಂತದ ಒಂದು ದಿನ, ಬೆಳಗಿನ ಐದೂವರೆ. ಲೆಮ್ವಿಗ್ ಎಂಬ ಪುಟ್ಟ ಊರಿನ ಬಂದರಿನ ಗಾಳಿ ಗುಡ್ಡ ಹತ್ತಿ ಮೇಲಿನ ಬೀದಿಗೆ ಬರುವಷ್ಟರಲ್ಲಿ ಬೋದಿಲ್ ಕ್ವಿಸ್ಟ್ ಅವರ ಮನೆಯ ಹಿಂದಿನ ಕೊಠಡಿಯಲ್ಲಿ ದೀಪ ಹತ್ತಿದೆ. ಹಿಂದೆ ಸೈಕಲ್ ನಿಲ್ಲಿಸುತ್ತಿದ್ದ ಜಾಗ ಅದು. ಈಗ ಗೋಡೆಯುದ್ದಕ್ಕೂ ಊಟದ ಮೇಜಿನ ಕುರ್ಚಿಗಳು. ಬೋದಿಲ್ ಒಂದನ್ನು ಎಳೆದುಕೊಂಡು, ಅದರ ಹಳೆಯ ಕೂರುಜಾಗದ ಮೇಲೆ ಅಂಗೈ ಆಡಿಸುತ್ತಾರೆ. ವೈದ್ಯರು ಹೊಟ್ಟೆ ಒತ್ತಿ ನೋಡುವ ಹಾಗೆ ಅಲ್ಲಲ್ಲಿ ಒತ್ತುತ್ತಾರೆ.

"ಇವನು ಎಡಗಾಲು ಮಡಚ್ಕೊಂಡು ಕೂರೋನು. ವಯಸ್ಸು ಹದಿನಾರೋ ಹದಿನೇಳೋ. ಇವರಮ್ಮ ನೆಟ್ಟಗೆ ಕೂತ್ಕೊ ಅಂತ ದಿನಾ ಬೈದಿರ್ತಾಳೆ, ಇವನು ಕೇಳಿರಲ್ಲ" ಎನ್ನುತ್ತಾರೆ. ಕುರ್ಚಿ ತಂದುಕೊಟ್ಟ ಶಾಲಾ ಶಿಕ್ಷಕಿ ಟೋವೆ ಅವರಿಗೆ ಹದಿನಾರರ ಮಗನಿರುವುದು ನಿಜ. ಆದರೆ ಬೋದಿಲ್ ಅವನನ್ನು ಇದುವರೆಗೂ ಕಂಡಿಲ್ಲ.

ಅರವತ್ತೆಂಟರ ಬೋದಿಲ್ ಕುರ್ಚಿಯ ಕೂರುಜಾಗ ಹೆಣೆಯುತ್ತಾರೆ. ಕಾಗದವನ್ನು ಹೊಸೆದು ಮಾಡಿದ ಹುರಿ ಅವರ ಸಾಮಗ್ರಿ. ಹುರಿ ತೀರ ಒಣಗಿದ್ದರೆ ಕೈಗೆ ಬಗ್ಗುವುದಿಲ್ಲ, ನೀರು ಹೆಚ್ಚಾದರೆ ಹೊಸೆತ ಬಿಚ್ಚಿಕೊಳ್ಳುತ್ತದೆ. ಅದಕ್ಕೇ ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು ಬೇಕಾದಷ್ಟೇ ಹೊರಗೆಳೆಯುತ್ತಾರೆ. ಒಂದು ಕುರ್ಚಿಗೆ ನೂರಮೂವತ್ತು ಮೀಟರ್ ಹುರಿ, ಎಂಟು ಗಂಟೆ ಕೆಲಸ. ಮೊದಲು ಹಿಂದೆ ಮುಂದೆ ಜೋಡಿ ಎಳೆ, ಆಮೇಲೆ ಅಡ್ಡ ಎಳೆ, ಸಾಲು ಸಾಲಿಗೂ ಮರದ ತುಂಡಿಟ್ಟು ಸುತ್ತಿಗೆಯಿಂದ ತಟ್ಟಿ ಬಿಗಿ ಮಾಡುವುದು. ಹದಿನೇಳನೆಯ ವಯಸ್ಸಿನಲ್ಲಿ ಪೀಠೋಪಕರಣದ ಕಾರ್ಖಾನೆಯೊಂದರಲ್ಲಿ ಕಲಿತ ವಿದ್ಯೆ. ಆ ಕಾರ್ಖಾನೆ ಮುಚ್ಚಿ ಎಷ್ಟೋ ವರ್ಷವಾಯಿತು. ಕೈ ಮಾತ್ರ ಮರೆಯಲಿಲ್ಲ.

ಮರೆಯದಿದ್ದರೂ ಆ ಕೈಗೆ ಬಹುಕಾಲ ಕೆಲಸವೇ ಇರಲಿಲ್ಲ. ಚೆನ್ನಾಗಿ ಹೆಣೆದ ಕೂರುಜಾಗ ಇಪ್ಪತ್ತು ಮೂವತ್ತು ವರ್ಷ ಬಾಳುತ್ತದೆ. ರಾತ್ರಿ ಊಟಕ್ಕೆ ಒಂದು ಗಂಟೆ, ಭಾನುವಾರ ಬೆಳಗಿನ ಬನ್ನು ಕಾಫಿಗೆ ಇನ್ನೊಂದು ಗಂಟೆ, ಅಷ್ಟು ಕೂತರೆ ಸವೆಯುವುದಾದರೂ ಹೇಗೆ? ತಿಂಗಳಿಗೆ ಎರಡು ಕುರ್ಚಿ ಬಂದರೆ ಹೆಚ್ಚು. ವೃದ್ಧಾಶ್ರಮದ ಅಡುಗೆಮನೆಯಲ್ಲಿ ಆಲೂಗಡ್ಡೆ ಸುಲಿದು ಬೋದಿಲ್ ಸಂಸಾರ ತೂಗಿಸಿದರು. ಹಾಗಿರುವಾಗ ಬಂತು ಸೋಂಕಿನ ಆ ಮಾರ್ಚ್. ದೇಶ ಬಾಗಿಲು ಹಾಕಿಕೊಂಡಿತು, ಕಚೇರಿ ಮನೆಗೆ ಬಂತು, ಶಾಲೆಯೂ ಮನೆಗೆ ಬಂತು, ಎಲ್ಲ ಸೇರಿ ಊಟದ ಮೇಜಿನ ಸುತ್ತ ಕೂತವು. ಕೂತು ಉಂಡರೆ ಕುಡಿಕೆ ಹೊನ್ನೂ ಸಾಲದು ಎನ್ನುತ್ತಾರೆ. ಇಲ್ಲಿ ಕೂತು ದುಡಿದವರಿಗೆ ಕುರ್ಚಿಯೇ ಸಾಲಲಿಲ್ಲ. ದಿನಕ್ಕೆ ಒಂಬತ್ತು ಗಂಟೆಯಂತೆ ಕೂತು, ಇಪ್ಪತ್ತು ವರ್ಷ ಕೂರಬೇಕಾದ್ದನ್ನು ಜನ ಎರಡೇ ವರ್ಷದಲ್ಲಿ ಕೂತು ಮುಗಿಸಿದರು.

ಅದಾಗಲೇ ಅರ್ಧ ಸವೆದಿದ್ದ ಕುರ್ಚಿಗಳು ಮೊದಲು ಸೋತವು. ಅಂಥ ಮೊದಲ ಕುರ್ಚಿ ಗೇಟಿನ ಬಳಿ ಬಂದದ್ದು ಆ ವರ್ಷದ ಸೆಪ್ಟೆಂಬರಿನಲ್ಲಿ. ಯಾರೂ ಒಳಗೆ ಬರುವ ಹಾಗಿರಲಿಲ್ಲ. ಕುರ್ಚಿ ಇಟ್ಟು, ಕಾಲಿಗೊಂದು ಚೀಟಿ ಕಟ್ಟಿ, ದೂರದಿಂದಲೇ ಕೈ ಬೀಸಿ ಹೋಗುತ್ತಿದ್ದರು. ಹೆಸರು, ಫೋನ್ ನಂಬರು ಬರೆಯಬೇಕಾದ ಚೀಟಿಯಲ್ಲಿ ಜನ ಮನೆಯ ಸುದ್ದಿಯನ್ನೂ ಬರೆಯತೊಡಗಿದರು. ಮಾತಾಡಲು ಯಾರೂ ಸಿಗದ ಕಾಲ ಅದು. ಮಧ್ಯಾಹ್ನ ಕಂಪ್ಯೂಟರು ಕಿಟಕಿಕಟ್ಟೆಗೆ ಸರಿಸಿ ನಾಲ್ಕೂ ಜನ ಒಟ್ಟಿಗೆ ರೈ ಧಾನ್ಯದ ಕಪ್ಪು ರೊಟ್ಟಿ ತಿನ್ನುತ್ತೇವೆ, ಮದುವೆಯಾದಾಗಿನಿಂದ ಇದು ಸಾಧ್ಯವಾಗಿರಲಿಲ್ಲ ಎಂದು ಒಬ್ಬಾಕೆ ಬರೆದಿದ್ದರು. ಮರುವರ್ಷ ಬೋದಿಲ್ ಇನ್ನೂರ ಹನ್ನೆರಡು ಕುರ್ಚಿ ಹೆಣೆದರು. ಆಮೇಲೂ ಸಾಲು ಕರಗಲಿಲ್ಲ, ಏಕೆಂದರೆ ಕಚೇರಿ ತೆರೆದ ಮೇಲೂ ಜನ ಸೋಮವಾರ, ಶುಕ್ರವಾರ ಮನೆಯಲ್ಲೇ ಕೂರುತ್ತಾರೆ.

ಒಂದು ಸಂಗತಿ ಮಾತ್ರ ಅವರ ಮನಸ್ಸನ್ನು ಕಲಕಿತ್ತು. ಒಂದು ಮನೆಯ ಆರು ಕುರ್ಚಿ ಒಟ್ಟಿಗೆ ಬಂದರೆ ಅಪ್ಪನದು ಮುಂದಿನ ಅಂಚಿನಲ್ಲಿ ಹರಿದಿರುತ್ತಿತ್ತು, ಅಮ್ಮನದು ನಡುವೆ ಕುಸಿದಿರುತ್ತಿತ್ತು, ಮಗುವಿನದರ ಮೇಲೆ ಮೊಣಕಾಲಿನ ಎರಡು ಗುಳಿ ಇರುತ್ತಿದ್ದವು. ಕೊನೆಯ ಒಂದೆರಡು ಮಾತ್ರ ಅಂಗಡಿಯಿಂದ ತಂದ ಹಾಗೇ ಇರುತ್ತಿದ್ದವು. ಅವು ನೆಂಟರ ಕುರ್ಚಿಗಳು.

"ಎಲ್ಲಾ ಮನೇದೂ ಅದೇ ಕಥೆ. ಯಾರೂ ಬಂದಿಲ್ಲ, ಯಾರೂ ಕೂತಿಲ್ಲ. ನನಗೆ ಅಳು ಬಂದಿದ್ದು ಅದೊಂದು ನೋಡಿ" ಎನ್ನುತ್ತಾರೆ ಬೋದಿಲ್. ಸವೆಯದ ಕುರ್ಚಿಯನ್ನು ಹಾಗೇ ಬಿಡಿ ಎಂದು ಅವರೇ ಹೇಳಿದರೂ ಜನ ಕೇಳುವುದಿಲ್ಲ. ಹೊಸ ಹುರಿ ಬಿಳುಚು, ಹಳೆಯದು ಜೇನಿನ ಬಣ್ಣ. ನೆಂಟರು ಬಂದಾಗ ಅವರ ಕುರ್ಚಿ ಬೇರೆಯಾಗಿ ಕಾಣಬಾರದಂತೆ.

ಹೊರಗಿನವರ ಮನೆಯ ಮಾತಾಯಿತು. ಬೋದಿಲ್ ಅವರ ಮನೆಯಲ್ಲೂ ಒಂದು ಪೇಚಾಟ ನಡೆದಿತ್ತು, ಅದರ ಹೆಸರು ಎಗೋನ್. ಗಂಡ ಎಗೋನ್ ಮೂವತ್ತನಾಲ್ಕು ವರ್ಷ ಕರಾವಳಿ ಬಸ್ ಓಡಿಸಿದವರು. ಬೆಳಗ್ಗೆ ಐದಕ್ಕೆ ಹೋದರೆ ಸಂಜೆಗೇ ಮುಖ. ಸೋಂಕಿನ ಕಾಲದಲ್ಲಿ, ಅರವತ್ತೈದು ದಾಟಿದೆ ಎಂದು ಅವರನ್ನು ಮನೆಗೆ ಕಳಿಸಿದರು. ಮದುವೆಯಾದ ಮೇಲೆ ಮೊದಲ ಸಲ ಇಬ್ಬರೂ ಇಡೀ ದಿನ ಒಂದೇ ಸೂರಿನಡಿ. ಎಗೋನ್ ಮಸಾಲೆ ಡಬ್ಬಿಗಳನ್ನು ಅಕ್ಷರದ ಸಾಲಿಗೆ ಜೋಡಿಸಿಟ್ಟರು, ಗಂಟೆಗೊಂದು ಸಲ ಕಾಫಿ ಮಾಡಲೇ ಎಂದು ಕೇಳಿದರು, ಯಾವ ತಿರುವಿನಲ್ಲಿ ಯಾರು ಬಸ್ ಹತ್ತುತ್ತಿದ್ದರು ಎಂದು ಮೊದಲಿನಿಂದ ಕೊನೆಯವರೆಗೆ ಹೇಳಿದರು. ಮನೆ ಬಿಟ್ಟು ಹೋಗು ಎನ್ನೋಣವೆಂದರೆ ಹೋಗಲು ಊರೇ ತೆರೆದಿರಲಿಲ್ಲ. ಕೊನೆಗೆ ಬೋದಿಲ್ ಒಂದು ಸುತ್ತು ಹುರಿಯನ್ನು ಅವರ ಕೈಗೆ ತುರುಕಿದರು.

ಎಗೋನ್ ಹೆಣೆದ ಮೊದಲ ಕೂರುಜಾಗವನ್ನು ಬೋದಿಲ್ ಹನ್ನೊಂದು ಸಲ ಬಿಚ್ಚಿಸಿದ್ದರು. "ಬಸ್ಸಿಗೆ ಬ್ರೇಕ್ ಹಾಕಿದ ಹಾಗೆ ಎಳೀತಿದ್ದ. ಒಂದ್ಸಲ ಗಟ್ಟಿ, ಒಂದ್ಸಲ ಸಡಿಲ" ಎಂದು ಬೋದಿಲ್ ನಗುತ್ತಾರೆ. ಕೆಲ ದಿನಗಳಲ್ಲಿ ರೋಗದ ಮೂಲ ಸಿಕ್ಕಿತು. ಎಗೋನ್ ಕಥೆ ಹೇಳತೊಡಗಿದರೆ ಕೈ ಸಡಿಲವಾಗುತ್ತಿತ್ತು. ಬೋದಿಲ್ ಬೆರಳು ಆಡಿಸಿ, ಇಗೋ ಈ ಮೂರು ಸಾಲಿನಲ್ಲಿ ಮಾತಾಡಿದ್ದೀಯ ಎಂದು ತೋರಿಸುತ್ತಿದ್ದರು. ತೋರಿಸಿದ್ದು ಒಮ್ಮೆಯೂ ತಪ್ಪಾಗಲಿಲ್ಲ.

ಹಾಗಾಗಿ ಐದು ವರ್ಷ ಎಗೋನ್ ಅರ್ಧ ಕೆಲಸದವರಾಗಿಯೇ ಉಳಿದರು. ಉದ್ದದ ಎಳೆ ಅವರದು. ಬಿಗಿ ನಿಲ್ಲಬೇಕಾದ ಅಡ್ಡ ಎಳೆ ಬೋದಿಲ್ ಅವರದೇ. ಆದರೆ ಕಳೆದ ಚಳಿಗಾಲದಲ್ಲಿ ಬೋದಿಲ್ ಅವರ ಬಲಗೈ ಹೆಬ್ಬೆರಳಿನ ಬುಡ ಊದಿಕೊಂಡಿತು. ಇನ್ನು ಹುರಿ ಬಿಗಿದರೆ ಚಮಚ ಹಿಡಿಯಲೂ ಆಗದು ಎಂದರು ಡಾಕ್ಟರು. ಟೋವೆ ಅವರ ಆರು ಕುರ್ಚಿ ಮುಗಿಸಿ, ಜೂನಿನಲ್ಲಿ ದಡದ ಮೇಲೆ ಬೆಂಕಿ ಹಚ್ಚುವ ಹಬ್ಬದ ಹೊತ್ತಿಗೆ ಕೆಲಸ ನಿಲ್ಲಿಸುವುದೆಂದು ಬೋದಿಲ್ ತೀರ್ಮಾನಿಸಿದರು. ಫೋನ್ ಮಾಡಿದವರಿಗೆಲ್ಲ ಇಲ್ಲ ಎಂದರು. ಅರವತ್ತರ ಮೇಲೆ ಸಿಕ್ಕ ಕೆಲಸ, ಅದೂ ತಾನು ಪ್ರೀತಿಸಿದ ಕೆಲಸ, ಕೈಯಿಂದಲೇ ಜಾರುತ್ತಿತ್ತು.

ಆರನೆಯ ಕುರ್ಚಿಯನ್ನು ತಾನೊಬ್ಬನೇ ಹೆಣೆಯುತ್ತೇನೆ ಎಂದವರು ಎಗೋನ್. ಸರಿಯಿಲ್ಲದಿದ್ದರೆ ಬಿಚ್ಚಿಬಿಡು, ಮತ್ತೆ ಈ ಮಾತೆತ್ತುವುದಿಲ್ಲ ಎಂದರು. ಬೋದಿಲ್ ಒಪ್ಪಿ ಅಡುಗೆಮನೆಗೆ ಹೋಗಿ ಕೂತರು. ಎರಡು ದಿನ ಕೊಠಡಿಯಿಂದ ಸುತ್ತಿಗೆಯ ಸದ್ದು ಮಾತ್ರ ಬಂತು. ಎಗೋನ್ ಬಾಯಿಗೆ ಬೀಗ ಹಾಕಿಕೊಂಡದ್ದು ಅವರ ಸಂಸಾರದಲ್ಲೇ ಅದು ಮೊದಲು. ಎರಡನೆಯ ಮಧ್ಯಾಹ್ನ ಬೋದಿಲ್ ತಾವೇ ಹೋಗಿ ಕಾಫಿ ಬೇಕೇ ಎಂದು ಕೇಳಿಬಂದರಂತೆ.

ಟೋವೆ ಕುರ್ಚಿಗಳನ್ನು ತಂದಿಟ್ಟು ಕೆಲ ವಾರಗಳಾಗಿವೆ. ಇಂದು ಆ ಆರನೆಯ ಕುರ್ಚಿಯ ಪರೀಕ್ಷೆ. ಬೋದಿಲ್ ಕನ್ನಡಕ ತೆಗೆದಿಟ್ಟು, ಕಣ್ಣು ಮುಚ್ಚಿ, ಹಿಂದಿನಿಂದ ಮುಂದಕ್ಕೆ ಒಂದೊಂದೇ ಸಾಲು ಬೆರಳಲ್ಲಿ ಒತ್ತುತ್ತಾರೆ. ಎಗೋನ್ ಕಿಟಕಿಯ ಹತ್ತಿರ ನಿಂತು ಬಂದರಿನ ಕಡೆ ನೋಡುತ್ತಿದ್ದಾರೆ. ಬೋದಿಲ್ ಇನ್ನೊಂದು ಸಲ ಮೊದಲಿನಿಂದ ಒತ್ತುತ್ತಾರೆ. ಆಮೇಲೆ ಕೂತು, ಎದ್ದು, ಮತ್ತೆ ಕೂರುತ್ತಾರೆ. ಸುತ್ತಿಗೆಯನ್ನೂ ಮುಟ್ಟುವುದಿಲ್ಲ, ಕತ್ತರಿಯನ್ನೂ ಮುಟ್ಟುವುದಿಲ್ಲ. ಕುರ್ಚಿಯನ್ನೆತ್ತಿ ಉಳಿದ ಐದರ ನಡುವೆ ಇಟ್ಟು ಕೈ ತೊಳೆಯಲು ಹೋಗುತ್ತಾರೆ.

ಹತ್ತಕ್ಕೆ ಟೋವೆ ವ್ಯಾನು ತರುತ್ತಾರೆ. ಆರರ ಮೇಲೂ ಒಂದೊಂದು ಸಲ ಕೂತು ನೋಡಿ, ಚೆನ್ನಾಗಿದೆ ಎಂದು ವ್ಯಾನಿಗೇರಿಸುತ್ತಾರೆ. ಅಮ್ಮನ ಮನೆಯಲ್ಲೂ ನಾಲ್ಕು ಕುರ್ಚಿ ಇವೆ, ನೀವು ನಿಲ್ಲಿಸುತ್ತಿದ್ದೀರೆಂದು ಗೊತ್ತು, ಬೇರೆ ಯಾರಾದರೂ ಹೆಣೆಯುವವರು ಇದ್ದರೆ ಹೇಳಿ ಎಂದು ಕೇಳುತ್ತಾರೆ. ಎಗೋನ್ ನೆಲದ ಮೇಲಿನ ಹುರಿತುಂಡು ಗುಡಿಸುತ್ತಿದ್ದಾರೆ. ಪೊರಕೆ ನಿಲ್ಲುತ್ತದೆ.

"ಇದ್ದಾನೆ. ಕೈ ಸ್ವಲ್ಪ ನಿಧಾನ, ಒಂದು ವಾರ ಜಾಸ್ತಿ ಹಿಡಿಯುತ್ತೆ" ಎನ್ನುತ್ತಾರೆ ಬೋದಿಲ್. "ನಿಮ್ಮ ವ್ಯಾನಲ್ಲಿರೋ ಒಂದು ಅವನದೇ."

ಯಾವುದು ಎಂದು ಟೋವೆ ತಿರುಗಿ ನೋಡುತ್ತಾರೆ. ಆರೂ ಒಂದೇ ಬಿಳುಪು, ಆರೂ ಒಂದೇ ಬಿಗಿ. ಗೊತ್ತಾಗಲಿಲ್ಲ ಎಂದು ಒಪ್ಪಿಕೊಂಡು, ಆಗಸ್ಟಿಗೆ ತರುತ್ತೇನೆಂದು ಹೇಳಿ ಹೊರಡುತ್ತಾರೆ. ಎಗೋನ್ ಮತ್ತೆ ಗುಡಿಸತೊಡಗುತ್ತಾರೆ, ಗುಡಿಸಿದ ಜಾಗವನ್ನೇ.

ಇನ್ನೇನು ಆಸೆ ಎಂದು ಕೇಳಿದರೆ ಬೋದಿಲ್ ಊದಿದ ಹೆಬ್ಬೆರಳನ್ನು ನೀವುತ್ತಾ ವ್ಯಾನು ಹೋದ ದಾರಿಯತ್ತ ನೋಡುತ್ತಾರೆ.

"ಟೋವೆ ಮನೆಯ ನೆಂಟರ ಕುರ್ಚಿ ಇದ್ಯಲ್ಲ, ಅವನು ಹೆಣೆದಿದ್ದು ಅದೇ. ಜನ ಬಂದು ಕೂತು ಅದು ಬೇಗ ಸವೀಬೇಕು" ಎನ್ನುತ್ತಾರೆ.